ಹಲ್ಲಿ ನುಡಿದ ಸತ್ಯ

ದೇವರಕೋಣೆಯ ಹಲ್ಲಿ ಲೊಚಗುಟ್ಟಿದಾಗಲೆಲ್ಲ ತುಂಗಜ್ಜಿ ನೆಲ ಕುಟ್ಟಿ, "ಕೃಷ್ಣ ಕೃಷ್ಣ! ಹಲ್ಲಿ ನುಡಿಯಿತು, ನಾನು ಹೇಳಿದ್ದು ಸತ್ಯ" ಎನ್ನುತ್ತಿದ್ದರು. ಕೇಳಿ ಕೇಳಿ, ತಾನು ಲೊಚ್ ಎಂದದ್ದೆಲ್ಲ ಸತ್ಯವಾಗುತ್ತದೆಂದು ಹಲ್ಲಿಯೂ ನಂಬಿತು.

ಒಂದು ಮಧ್ಯಾಹ್ನ ಬೆಕ್ಕು ಗೋಡೆಯ ಬುಡದಲ್ಲಿ ಕೂತು ಹೇಳಿತು: "ಹಲ್ಲಿಯಮ್ಮಾ, ಇಂದು ಏಕಾದಶಿ. ನನ್ನದು ಕಟ್ಟುನಿಟ್ಟಿನ ಉಪವಾಸ."

"ಲೊಚ್ ಲೊಚ್" ಎಂದಿತು ಹಲ್ಲಿ, ಅಭ್ಯಾಸಬಲದಿಂದ.

"ನೋಡಿದೆಯಾ, ನಿನ್ನ ಬಾಯಲ್ಲೇ ಬಂತು. ಇನ್ನು ಭಯವೇಕೆ? ಇಲ್ಲಿ ಬೆಲ್ಲದ ಡಬ್ಬಿಗೆ ನೊಣ ಮುತ್ತಿವೆ, ಇಳಿದು ಬಾ ತಾಯಿ."

ಹಲ್ಲಿ ಇಳಿಯಿತು. ಬೆಕ್ಕು ನೆಗೆಯಿತು. ಬಾಲ ಬೆಕ್ಕಿನ ಪಂಜದಲ್ಲಿ ಉಳಿದು, ಹಲ್ಲಿ ಮಾತ್ರ ಮೇಲಿನ ತೊಲೆ ಸೇರಿತು.

"ಸುಳ್ಳುಬುರುಕ! ಉಪವಾಸ ಅಂದೆಯಲ್ಲ!"

"ನಾನು ಉಪವಾಸ ಅಂದೆ ಅಷ್ಟೇ. ಸತ್ಯ ಅಂದವಳು ನೀನು" ಎಂದು ಬೆಕ್ಕು ಮೀಸೆ ಒರೆಸಿಕೊಂಡಿತು.

ಅಷ್ಟರಲ್ಲಿ ತುಂಗಜ್ಜಿ ಬಂದರು. "ನಮ್ಮ ಬೆಕ್ಕಿನಂಥ ಸಾಧು ಪ್ರಾಣಿ ಊರಲ್ಲೇ ಇಲ್ಲ" ಎಂದು ಅದರ ತಲೆ ಸವರಿ, ನೆಲ ಕುಟ್ಟಲು ಬೆರಳು ಮಡಿಸಿ ಕಾದರು.

ಹಲ್ಲಿ ಬಾಯಿ ತೆರೆಯಿತು. ಆದರೆ ಮೊದಲು ಹಿಂದಿರುಗಿ, ಬಾಲವಿದ್ದ ಜಾಗವನ್ನು ನೋಡಿಕೊಂಡಿತು. ಮೆಲ್ಲಗೆ ಬಾಯಿ ಮುಚ್ಚಿತು.

ಅಜ್ಜಿಯ ಬೆರಳು ಮಡಿಸಿದಂತೆಯೇ ಉಳಿಯಿತು.