ಎಳೆಯುವ ಚಕ್ರ, ಹೊರುವ ಚಕ್ರ

ಯಮನಪ್ಪನ ಟ್ರೇಲರಿನ ಎಡಚಕ್ರಕ್ಕೆ ಮುಂದೆ ಸಾಗುವ ಟ್ರ್ಯಾಕ್ಟರಿನ ದೊಡ್ಡ ಚಕ್ರದಂತೆ ಇರಬೇಕೆಂದು ಬಹಳ ಆಸೆ. ಅಷ್ಟು ದೊಡ್ಡ ಚಕ್ರ ಕಡಿಮೆ ಗಾಳಿಯಲ್ಲೇ ಮೆತ್ತಗೆ ಉರುಳುತ್ತಿತ್ತು. ತನಗೋ ಬಿರಿಯುವಷ್ಟು ಗಾಳಿ. ಪ್ರತಿ ಕಲ್ಲೂ ಮೈಗೆ ಕುಟ್ಟುತ್ತಿತ್ತು. "ನಾನೂ ದೊಡ್ಡವರಂತೆ ನಡೆಯುತ್ತೇನೆ" ಎಂದು ಅದು ತನ್ನ ಗಾಳಿಯನ್ನು ಸ್ವಲ್ಪಸ್ವಲ್ಪವೇ ಬಿಟ್ಟುಕೊಂಡಿತು. ಟ್ರೇಲರ್ ಖಾಲಿಯಾಗಿ ಹೊಲಕ್ಕೆ ಹೋಗುವಾಗ ಹಾಯೆನಿಸಿತು.

ಮರಳುವಾಗ ಮೇಲೆ ಕಬ್ಬಿನ ಹೊರೆ ಬಿತ್ತು. ಚಕ್ರದ ಪಕ್ಕೆಗಳು ಮಡಚಿ ಮಡಚಿ ಕಾದವು. ಇಳಿಜಾರಿನಲ್ಲಿ ಟ್ರೇಲರ್ ಎಡಕ್ಕೆ ವಾಲಿ ಓಲಾಡತೊಡಗಿತು.

"ಅಣ್ಣಾ, ಉರಿ ತಾಳಲಾರೆ! ನಿನ್ನಂತೆಯೇ ಮೆತ್ತಗಿದ್ದೇನಲ್ಲ, ನನಗೇಕೆ ಹೀಗೆ?" ಎಂದು ಎಡಚಕ್ರ ಕೂಗಿತು.

"ತಮ್ಮಾ, ನಾನು ಎಳೆಯುವವನು. ನೆಲವನ್ನು ಅಪ್ಪಿ ಹಿಡಿಯಲು ನನಗೆ ಮೆತ್ತನೆಯ ಮೈ ಬೇಕು. ನೀನು ಹೊರುವವನು. ಹೊರುವವನು ಕುಸಿದರೆ ಎಳೆಯುವವನೂ ಉರುಳಿಬೀಳುತ್ತಾನೆ" ಎಂದಿತು ದೊಡ್ಡ ಚಕ್ರ.

ಹಿಂದೆ ಟ್ರೇಲರ್ ಓಲಾಡುತ್ತಿರುವುದು ತಿಳಿದ ಯಮನಪ್ಪ ವೇಗ ತಗ್ಗಿಸಿ ಗಾಡಿಯನ್ನು ಬದಿಗೆ ನಿಲ್ಲಿಸಿದ. ಇಳಿದು ಬಂದು ಎಡಚಕ್ರವನ್ನು ಮುಟ್ಟಿದವನೇ ಕೈ ಹಿಂದೆಳೆದುಕೊಂಡ. "ಅಯ್ಯೋ ಶಿವನೇ, ಇನ್ನಷ್ಟು ದೂರ ಹೋಗಿದ್ದರೆ ಸಿಡಿಯುತ್ತಿತ್ತು!" ಅದು ಪೂರ್ತಿ ತಣ್ಣಗಾಗುವವರೆಗೆ ಕಾದು, ಗಾಡಿಯಲ್ಲಿದ್ದ ಪಂಪಿನಿಂದ ಹೊರೆಗೆ ತಕ್ಕಷ್ಟು ಗಾಳಿ ತುಂಬಿದ.

ಗಾಡಿ ಮತ್ತೆ ಇಳಿಜಾರಿಗೆ ಬಂತು. ಎಡಚಕ್ರ ಬಿಗಿಯಾಗಿ ನಿಂತು ತನ್ನ ಪಾಲಿನ ಭಾರ ಹೊತ್ತಿತು. ಎದುರಿನಿಂದ ಮಗುವನ್ನೆತ್ತಿಕೊಂಡು ಬರುತ್ತಿದ್ದ ಹೆಂಗಸೊಬ್ಬಳು ಕಬ್ಬಿನ ಹೊರೆಯ ಎಡಪಕ್ಕದಲ್ಲೇ ನಡೆದುಹೋದಳು. ಹೊರೆ ಅವಳತ್ತ ವಾಲಲಿಲ್ಲ. ಅವಳ ಸೆರಗು ಗಾಳಿಗೆ ಸ್ವಲ್ಪ ಹಾರಿತು, ಅಷ್ಟೇ.