ವರ್ತಕ ಮುಚ್ಚಿಸಿದ ಕಿಂಡಿ

"ಬುದ್ಧೀ, ಮನೆ ಕಾಯೋಕೆ ಬೆರಳಿಟ್ಟರೆ ತೆರೆಯೋ ಸ್ಮಾರ್ಟ್ ಲಾಕ್ ಒಳ್ಳೇದೋ, ಕ್ಯಾಮೆರಾ ಒಳ್ಳೇದೋ?"

ಹೀಗೆ ಕೇಳಿದವನು ಗುರುಮಲ್ಲಪ್ಪ, ಮಠದ ಗುರುಗಳ ಹಳೆಯ ಶಿಷ್ಯ. ಊರಾಚೆಯ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿ ಆಗಷ್ಟೇ ಒಕ್ಕಲಾಗಿದ್ದ. ಎರಡರಲ್ಲಿ ಒಂದನ್ನು ಹಾಕಿಸಿಯೇ ತೀರುವುದೆಂದು ಗಟ್ಟಿ ಮನಸ್ಸು ಮಾಡಿದ್ದ. ಯಾವುದು ಎಂದು ತಿಳಿಯದೆ ಏಳುವುದಿಲ್ಲ ಎಂಬಂತೆ ಗುರುಗಳ ಮುಂದೆ ಚಕ್ಕಳಮಕ್ಕಳ ಹಾಕಿ ಕೂತಿದ್ದ.

ಗುರುಗಳು ನಕ್ಕರು. "ಒಂದಕ್ಕೇ ಇಷ್ಟು ತಲೆ ಕೆಡಿಸಿಕೊಂಡಿದ್ದೀಯಲ್ಲಪ್ಪ! ಎರಡನ್ನೂ ಹಾಕಿಸಿದವನೊಬ್ಬನಿದ್ದ. ಅವನ ಕತೆ ಕೇಳು," ಎಂದು ಹೇಳತೊಡಗಿದರು.

ಒಬ್ಬ ವರ್ತಕನಿದ್ದ. ಪಾತ್ರೆ ವ್ಯಾಪಾರ ಅವನದು. ಮನೆಯಲ್ಲಿ ಹೆಂಡತಿ, ತೊಟ್ಟಿಲಲ್ಲಿ ಮಗು. ಮದುವೆಯಾಗಿ ಬಹಳ ಕಾಲದ ಮೇಲೆ ಹುಟ್ಟಿದ ಮಗುವಾದ್ದರಿಂದ ಅದರ ಮೇಲೆ ಅವನಿಗೆ ಪ್ರಾಣ. ಮಗು ಬಂದಂದಿನಿಂದ ಅವನಿಗೆ ಕಳ್ಳರ ಭಯವೂ ಬಂತು. ತನ್ನ ಅಪ್ಪಣೆಯಿಲ್ಲದೆ ಒಂದು ಇರುವೆಯೂ ಒಳಗೆ ಬರಕೂಡದು ಎಂದು ಪಣ ತೊಟ್ಟ.

ಕಬ್ಬಿಣದ ಬಾಗಿಲು ಇಡಿಸಿದ. ಅದಕ್ಕೆ ಹೊಸ ಬೀಗ ಹಾಕಿಸಿದ. ಬಾಗಿಲು ಮುಚ್ಚಿದರೆ ಬೀಗ ತಾನೇ ಬೀಳುವುದು. ಒಳಗಿನಿಂದ ಹಿಡಿ ತಿರುಗಿಸಿದರೆ ಸಾಕು, ಹೊರಗಿನಿಂದ ಅವನ ಬೆರಳಿಗೂ ಹೆಂಡತಿಯ ಬೆರಳಿಗೂ ಮಾತ್ರ ತೆರೆಯುವುದು. ಫೋನಿನಿಂದಲೂ ತೆರೆಯಬಹುದು ಎಂದು ಅಂಗಡಿಯವನು ಹೇಳಿದ. ವರ್ತಕ ಬೇಡವೆಂದ. ಫೋನು ಕಳ್ಳನ ಕೈಗೆ ಸಿಕ್ಕರೆ ಮನೆಯೇ ಸಿಕ್ಕಂತಲ್ಲವೇ? ತಪ್ಪು ಬೆರಳು ಮತ್ತೆ ಮತ್ತೆ ಮುಟ್ಟಿದರೆ, ಬೀಗ ಸ್ವಲ್ಪ ಹೊತ್ತು ಯಾರಿಗೂ ತೆರೆಯದಂತೆ ಮಾಡಿಸಿದ. ನಡುಮನೆಯಲ್ಲಿ ಕ್ಯಾಮೆರಾ ಇಡಿಸಿದ. ಒಳಗೆ ಏನಾದರೂ ಅಲುಗಿದರೆ ಅದು ಅವನ ಫೋನಿನಲ್ಲಿ ಕಾಣುತ್ತಿತ್ತು. ಫೋನಿನಲ್ಲಿ ಅವನಾಡಿದ ಮಾತು ಮನೆಯಲ್ಲಿ ಕೇಳುತ್ತಿತ್ತು.

ಆ ಬೀದಿಯಲ್ಲಿ ಎರಡು ಮನೆಗಳ ನಡುವೆ ಒಂದೇ ಗೋಡೆ. ಹಿಂದಿನವರು ಗೋಡೆ ಕಟ್ಟುವಾಗಲೇ ಅದರಲ್ಲಿ ಒಂದು ಕಿಂಡಿ ಬಿಡುತ್ತಿದ್ದರು. ಹಾಲಿಗೆ ಹೆಪ್ಪು, ಒಗ್ಗರಣೆಗೆ ಕರಿಬೇವು, ಆಗಷ್ಟೇ ಇಳಿಸಿದ ಪಲ್ಯ, ಎಲ್ಲ ಅದರಲ್ಲೇ ಓಡಾಡುತ್ತಿದ್ದವು. ಕೊಟ್ಟವರಿಗೆ ಬರಿ ಬಟ್ಟಲು ಹಿಂದಿರುಗಿಸಬಾರದು, ಏನಾದರೂ ಹಾಕಿಯೇ ಕೊಡಬೇಕು ಎಂಬುದು ಅಲ್ಲಿನ ಪದ್ಧತಿ. ಹೀಗಾಗಿ ಕೊಟ್ಟು ತೆಗೆದುಕೊಳ್ಳುವುದು ಮುಗಿಯುತ್ತಲೇ ಇರಲಿಲ್ಲ.

ಕ್ಯಾಮೆರಾ ಬಂದ ಮರುದಿನವೇ ಅಂಗಡಿಯಲ್ಲಿದ್ದ ವರ್ತಕನ ಫೋನು ಬಡಿದುಕೊಂಡಿತು. ನೋಡಿದರೆ, ಮನೆಯ ಗೋಡೆಯಿಂದ ಒಂದು ಕೈ ಹೊರಬಂದಿದೆ! ಕಳ್ಳನೆಂದೇ ತಿಳಿದ. ಆ ಕೈಯಲ್ಲಿ ಒಂದು ಬಟ್ಟಲು ಉಪ್ಪಿಟ್ಟು ಇದ್ದದ್ದು ಆಮೇಲೆ ಕಂಡಿತು. ಪಕ್ಕದ ಮನೆಯ ಹೆಂಗಸಿನ ಕೈ ಅದು. ಬಾಣಂತನದಲ್ಲಿ ಮಗುವಿಗೆ ಎಣ್ಣೆ ಹಚ್ಚಿ ನೀರೆರೆದ ಕೈಯೂ ಅದೇ. ವರ್ತಕನಿಗೆ ಅದು ನೆನಪಾಗಲಿಲ್ಲ. ಇಷ್ಟೆಲ್ಲ ಮಾಡಿಸಿ ಗೋಡೆಯಲ್ಲೊಂದು ತೂತು ಬಿಟ್ಟೆನಲ್ಲ ಎಂದು ತನ್ನನ್ನೇ ಬೈದುಕೊಂಡ. ಅಂದೇ ಗಾರೆಯವನನ್ನು ಕರೆಸಿ ಕಿಂಡಿಗೆ ಇಟ್ಟಿಗೆ ಇಡಿಸಿದ. ನೆರೆಯವಳು ಬೀದಿಯಲ್ಲಿ ಸಿಕ್ಕಿ, "ಏನಪ್ಪಾ, ನನ್ನ ಕೈಯೂ ಕಳ್ಳರ ಕೈ ಆಗೋಯ್ತಾ?" ಎಂದಳು. ಅವನು ಕೇಳಿಸದವನಂತೆ ಹೋದ. ಅವಳ ಬಟ್ಟಲು ಇವರ ಮನೆಯಲ್ಲೇ ಉಳಿಯಿತು.

ಹಲಸಿನ ಕಾಲ ಬಂತು. ಒಂದು ದಿನ ವರ್ತಕ ಪಾತ್ರೆ ತರಲು ದೂರದ ಪೇಟೆಗೆ ಹೋಗಿದ್ದ. ಹೆಂಡತಿ ಕೈಗೆ ಎಣ್ಣೆ ಸವರಿಕೊಂಡು ಹಲಸಿನಕಾಯಿ ಹೆಚ್ಚಿದಳು. ತೊಳೆ ಕರಿಯಲು ಬಾಣಲೆಯಲ್ಲಿ ಎಣ್ಣೆ ಕಾಯಲಿಟ್ಟಳು. ಅಷ್ಟರಲ್ಲಿ ಬಾಗಿಲಿಗೆ ಹಸು ಬಂತು. ಸಿಪ್ಪೆಯನ್ನು ಅದರ ಮುಂದೆ ಹಾಕಲು ಹೊರಗೆ ಕಾಲಿಟ್ಟಳು. ಗಾಳಿಗೆ ಬಾಗಿಲು ಮುಚ್ಚಿಕೊಂಡಿತು. ಬೀಗ ಬಿತ್ತು.

ಬೆರಳಿಟ್ಟಳು. ತೆರೆಯಲಿಲ್ಲ. ಬೆರಳ ತುಂಬ ಎಣ್ಣೆ, ಹಲಸಿನ ಅಂಟು. ಸೆರಗಿಗೆ ಒರೆಸಿಕೊಂಡು ಮತ್ತೆ ಮತ್ತೆ ಇಟ್ಟಳು. ಬೀಗ ಇನ್ನು ಯಾರಿಗೂ ತೆರೆಯದಂತೆ ಬಿಗಿದುಕೊಂಡಿತು. ಕಿಟಕಿಗಳಿಗೆಲ್ಲ ಕಬ್ಬಿಣದ ಸರಳು. ಒಳಗೆ ಎಣ್ಣೆ ಹೊಗೆಯಾಡತೊಡಗಿತು. ಮಗು ಅಳತೊಡಗಿತು. ದಾರಿಹೋಕನೊಬ್ಬನ ಫೋನು ಇಸಿದುಕೊಂಡು ಗಂಡನಿಗೆ ಮಾಡಿದಳು. ಗುರುತಿಲ್ಲದ ನಂಬರನ್ನು ಅವನು ಎತ್ತುವವನಲ್ಲ. ಅವಳು ಬಾಗಿಲಿಗೆ ತಲೆ ಚಚ್ಚಿಕೊಂಡು ಕೂಗಿದಳು.

ಕೂಗು ಕೇಳಿ ನೆರೆಯವಳು ಬಂದಳು. ಹೊಗೆ ನೋಡಿದಳು. ತನ್ನ ಮನೆಗೆ ಓಡಿಹೋಗಿ, ತೆಂಗಿನಕಾಯಿ ಸುಲಿಯುವ ಹಾರೆ ಕಿತ್ತುಕೊಂಡು, ಕಿಂಡಿ ಇದ್ದ ಜಾಗಕ್ಕೆ ಕುಟ್ಟತೊಡಗಿದಳು.

ಪೇಟೆಯಲ್ಲಿ ವರ್ತಕನ ಫೋನು ಬಡಿದುಕೊಂಡಿತು. ನೋಡಿದ. ಅವನ ಮನೆಯ ಗೋಡೆ ಅಲುಗುತ್ತಿತ್ತು. ಒಂದು ಇಟ್ಟಿಗೆ ಒಳಗೆ ಬಿತ್ತು. ಹಾರೆಯ ತುದಿ ಕಂಡಿತು. ಇಂಥ ದಿನಕ್ಕೆಂದೇ ಅವನು ಇಷ್ಟೆಲ್ಲ ಮಾಡಿಸಿದ್ದು! ಗಂಟಲು ಹರಿಯುವಂತೆ ಕೂಗಿದ.

"ಯಾವನೋ ಅವನು? ಬಿಸಾಕು ಹಾರೇನ! ಪೊಲೀಸರನ್ನ ಕರೀತೀನಿ!"

ಗೋಡೆಯ ಆಚೆಯಿಂದ ಉತ್ತರ ಬಂತು. "ನಾನು ಕಣಪ್ಪಾ, ಪಕ್ಕದ ಮನೆಯವಳು. ಕರಿ, ಬರಲಿ. ನಾನಂತೂ ನಿಲ್ಲಿಸಲ್ಲ."

ನಿಲ್ಲಿಸಲಿಲ್ಲ. ಅಂಗೈ ಒಡೆದು ರಕ್ತ ಬಂದರೂ ಹಾರೆ ಕೆಳಗಿಡಲಿಲ್ಲ. ಮೈ ತೂರುವಷ್ಟು ದಾರಿಯಾದದ್ದೇ, ಅವಳ ಹಿಂದೆಯೇ ಓಡಿಬಂದಿದ್ದ ವರ್ತಕನ ಹೆಂಡತಿ ಅದರಲ್ಲಿ ನುಸುಳಿದಳು. ಬಾಣಲೆಗೆ ಬೆಂಕಿ ಹತ್ತಿತ್ತು. ಹೊಗೆಯಲ್ಲಿ ತಡಕಾಡಿ ತೊಟ್ಟಿಲಿಂದ ಮಗುವನ್ನು ಎತ್ತಿಕೊಂಡಳು. ಆಗ ಗೋಡೆಯಿಂದ ಮತ್ತೆ ಅದೇ ಕೈ ಹೊರಬಂದು ಮಗುವನ್ನು ತೆಗೆದುಕೊಂಡಿತು. ತಾಯಿ ಒಳಗಿನಿಂದ ಬಾಗಿಲು ತೆರೆದಳು. ಬೀದಿಯವರು ನುಗ್ಗಿ ಬೆಂಕಿ ಆರಿಸಿದರು. ವರ್ತಕ ಎಲ್ಲವನ್ನೂ ಫೋನಿನಲ್ಲಿ ನೋಡಿದ. ನಡುಪೇಟೆಯಲ್ಲಿ ಕುಸಿದು ಕೂತು ಅತ್ತ.

ಊರಿಗೆ ಬಂದ ಮೇಲೆ ಬೀಗವನ್ನೂ ಕ್ಯಾಮೆರಾವನ್ನೂ ಅವನು ಕಿತ್ತುಹಾಕಲಿಲ್ಲ. ಪಾಪ, ಹೇಳಿದ ಕೆಲಸವನ್ನು ಅವು ಚಾಚೂ ತಪ್ಪದೆ ಮಾಡಿದ್ದವು. ಗಾರೆಯವನು ಬಂದು ತೂತು ಮುಚ್ಚಲೇ ಎಂದು ಕೇಳಿದಾಗ, ಚೌಕಟ್ಟು ಕೂರಿಸು, ಕದ ಬೇಡ ಎಂದ. ಆಮೇಲೆ ಉಳಿದುಹೋಗಿದ್ದ ಬಟ್ಟಲನ್ನು ಹುಡುಕಿ, ಪಾಯಸ ತುಂಬಿ, ತಾನೇ ಆ ಕಿಂಡಿಯಲ್ಲಿ ಕೈ ಚಾಚಿದ.

ಗುರುಗಳು ಕತೆ ನಿಲ್ಲಿಸಿದರು. ಗುರುಮಲ್ಲಪ್ಪ ಬಿಡಲಿಲ್ಲ. "ಅಲ್ಲ ಬುದ್ಧೀ, ನಮ್ಮದು ಬಡಾವಣೆ ಮನೆ. ಸುತ್ತ ಆಳೆತ್ತರ ಕಾಂಪೌಂಡು. ಕಿಂಡಿ ಮಾತೇ ಇಲ್ಲ. ನಾನು ಯಾವುದು ಹಾಕಿಸಲಿ, ಅದನ್ನ ಹೇಳಿ."

"ಯಾವುದಾದರೂ ಹಾಕಿಸಪ್ಪ. ಬೇಕಾದಾಗ ನಿನ್ನ ಗೋಡೆ ಒಡೆಯುವಷ್ಟು ಸಲುಗೆ ಯಾರಿಗೆ ಕೊಟ್ಟಿದ್ದೀಯ, ಅವರ ಹೆಸರೊಂದು ಹೇಳು."

ಗುರುಮಲ್ಲಪ್ಪ ಎದ್ದ. ಪಕ್ಕದ ಮನೆಯವರ ಹೆಸರೇನೆಂದು ಕೇಳಿಕೊಂಡು ಬರಲು ಹೊರಟ.