ಬ್ಯಾಗಿನೊಳಗೆ ಶೇಟರ ಮೊಬೈಲು

ಮದುವೆ ಫೋಟೊ ತೆಗೆಯುವುದರಲ್ಲಿ ಹೊನ್ನಾವರದಲ್ಲಿ ನನ್ನನ್ನು ಮೀರಿಸುವವರಿಲ್ಲ. ಇದ್ದರೂ ನಾನು ಒಪ್ಪುವುದಿಲ್ಲ. ಮರುದಿನ ದಿಬ್ಬಣದ ಜೊತೆ ದೋಣಿಯಲ್ಲಿ ಹೊಳೆ ದಾಟಬೇಕಿತ್ತು. ಕ್ಯಾಮೆರಾ, ಲ್ಯಾಪ್‌ಟಾಪ್ ನೆನೆದರೆ ನನ್ನ ಹೊಟ್ಟೆಪಾಡೇ ಮುಳುಗಿದಂತೆ. ಅದಕ್ಕೇ ಗಜಾನನ ಶೇಟರ ಅಂಗಡಿಗೆ ಹೋಗಿ ನೀರು ಇಳಿಯದ, ಬೆನ್ನಿಗೆ ಹಾಕುವ ಬ್ಯಾಗ್ ಕೇಳಿದೆ.

"ಇದರೊಳಗೆ ಹನಿ ನೀರೂ ಇಳಿಯೂದಿಲ್ಲ. ನನ್ನ ಮಾತೇ ಗ್ಯಾರಂಟಿ. ಪರೀಕ್ಷೆ ಗಿರೀಕ್ಷೆ ಎಲ್ಲ ಇಲ್ಲಿ ಇಲ್ಲ," ಎಂದು ಶೇಟರು ಒಂದು ಬ್ಯಾಗನ್ನು ಮುಂದಿಟ್ಟು ಗದರಿದರು.

"ನಿಮ್ಮ ಮಾತಿನ ಮೇಲೆ ಪೂರಾ ನಂಬಿಕೆ, ಶೇಟ್ರೇ," ಎಂದವನೇ ಮೇಜಿನ ಮೇಲಿದ್ದ ಅವರ ಹೊಸ ಮೊಬೈಲನ್ನು ಬ್ಯಾಗಿಗೆ ಹಾಕಿ, ಜಿಪ್ ಎಳೆದು, ಮೇಲೆ ಸುರಿಯುವವನಂತೆ ಮೂಲೆಯ ಬಕೆಟ್ ಎತ್ತಿದೆ.

ಶೇಟರ ಮುಖ ಸುಣ್ಣವಾಯಿತು. ಆ ಭಾರೀ ದೇಹ ಗಲ್ಲಾ ಹಾರಿ ಬಂದು ಬ್ಯಾಗನ್ನು ಅಪ್ಪಿಕೊಂಡಿತು. "ತಡಿಯೋ ಮಾರಾಯ, ಒಳಗೆ ಬೇರೆ ಒಳ್ಳೇ ಬ್ಯಾಗಿದೆ, ತರ್ತೇನೆ."

ತಂದರು. ಆಮೇಲೆ ಬಕೆಟ್ಟಿನೊಳಗೆ ಇಣುಕಿದರು. ಅದರಲ್ಲಿ ನೀರೇ ಇರಲಿಲ್ಲ.